ನನ್ನ ಹೆಸರಿಗೆ ಮಾಡಿಕೊಂಡ ರೋಗ

ನಮ್ಮ ಮನೆಯಲ್ಲಿ ರೋಗಕ್ಕೂ ಸೊಸೆಯೇ ಬೇಕು. ಅತ್ತೆಗೆ ನೆಗಡಿಯಾದರೆ ಅದು ಹವಾ, ಗಂಡಸರಿಗೆ ಜ್ವರ ಬಂದರೆ ಅದು ದಣಿವು, ಸೊಸೆಯ ಮೈ ಬೆಚ್ಚಗಾದರೆ ಮಾತ್ರ ಅದು ಅವಳ ತವರಿನಿಂದ ಬಂದದ್ದು. ನಾನು ಕೆಂಚವ್ವ, ರಾಮದುರ್ಗದ ಪೇಟೆಯ ಈ ಮನೆಗೆ ಹಿರಿಸೊಸೆಯಾಗಿ ಬಂದವಳು. ಮಕ್ಕಳಾಗಲಿಲ್ಲ. ಅದೂ ನನ್ನ ತವರಿನದೇ ತಪ್ಪು ಎಂದು ತೀರ್ಮಾನವಾಗಿ ಬಹಳ ವರ್ಷಗಳಾದವು. ಕೆಂಚವ್ವನಿಗೆ ಹೊಟ್ಟೆ ಬೆಳೆಯುವ ಬದಲು ನಾಲಿಗೆ ಬೆಳೆಯಿತು ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿದ್ದವಳು ಬರಗಾಲದಲ್ಲೂ ಬದುಕಿದಳಂತೆ.

ಎರಡನೆಯ ಸೊಸೆ ಮೀನಾ ಚಚಡಿಯವಳು, ನನ್ನ ಮೈದುನ ಸಿದ್ಧಾರೂಢನ ಹೆಂಡತಿ. ನೆಗೆಣ್ಣಿಯರೆಂದ ಮೇಲೆ ನಾವಿಬ್ಬರೂ ಜುಟ್ಟು ಹಿಡಿದು ಜಗಳಾಡಬೇಕಿತ್ತು. ಆದರೆ ಆ ಹುಡುಗಿ ಬಂದ ವಾರದಲ್ಲೇ ನನ್ನ ಪಕ್ಕಕ್ಕೆ ಬಂದು ಕೂತು, ನನ್ನ ತಾಟಿಗೇ ಕೈ ಹಾಕಿ ರೊಟ್ಟಿ ಮುರಿದಳು. ಅಂದಿನಿಂದ ಗಂಡಸರು ಉಂಡು ಎದ್ದ ಮೇಲೆ ನಮ್ಮದು ಒಂದೇ ತಾಟು. ಪುಂಡಿಪಲ್ಲೆ, ಖಾರ, ಮೊಸರು, ಜೊತೆಗೆ ಅತ್ತೆಯ ಮೇಲಿನ ಬೈಗುಳ, ಎಲ್ಲವನ್ನೂ ಹಂಚಿಕೊಂಡು ಉಣ್ಣುತ್ತಿದ್ದೆವು.

ಎರಡು ಸಾವಿರದ ಒಂದರಲ್ಲಿ ಮೀನಾ ಹೆತ್ತಳು. ಹೆಣ್ಣು. ಐಶ್ವರ್ಯಾ ಎಂದು ಹೆಸರಿಟ್ಟರು, ನಮ್ಮೆಲ್ಲರ ಬಾಯಲ್ಲಿ ಅದು ಐಶೂ ಆಯಿತು. ಬಾಣಂತನ ಮುಗಿಸಿ ತವರಿನಿಂದ ಬಂದ ಮೀನಾ ಮೊದಲಿನ ಮೀನಾ ಆಗಿರಲಿಲ್ಲ. ಮುಖ ಬಾತಿತ್ತು, ತಲೆ ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತಿತ್ತು, ದನಿ ಒಡೆದಿತ್ತು. ಉರಿಬಿಸಿಲಿನ ದಿನಗಳಲ್ಲಿ ಕೌದಿ ಹೊದ್ದು ಕೂರುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಗಂಟಲಿನ ಬುಡದಲ್ಲಿ ಸಣ್ಣದೊಂದು ಊತವಿತ್ತು, ಅದನ್ನು ನೋಡಿದವಳು ನಾನೊಬ್ಬಳೇ.

ಅತ್ತೆ ಸಾವಿತ್ರೆವ್ವನಿಗೆ ಕಂಡದ್ದು ಬೇರೆ. "ಏನವಾ ಮಹಾರಾಣಿ, ಬಿಸಲು ನೆತ್ತಿಗೆ ಬಂತು, ಇನ್ನಾ ಕಸಾ ಹೊಡದಿಲ್ಲ? ನಾವೂ ಹಡದೇವಿ ತಂಗಿ, ಹಿಂಗ ಹಾಸಿಗಿ ಹಿಡದಿರಲಿಲ್ಲ."

"ಆಕಿಗೆ ಆರಾಮಿಲ್ರಿ ಅತ್ತಿ, ಮುಖಾ ನೋಡ್ರಿ ಸ್ವಲ್ಪ," ಎಂದೆ.

"ಮುಖಾ ಏನ ನೋಡ್ಲಿ? ಉಂಡುಂಡು ಉಬ್ಬೈತಿ!"

ಜಗಳ ಕಾಯ್ದು, ಉಪವಾಸ ಬಿದ್ದು, ಕೊನೆಗೆ ಸಿದ್ಧಾರೂಢನನ್ನು ಎಬ್ಬಿಸಿಕೊಂಡು ಮೀನಾಳನ್ನು ಧಾರವಾಡಕ್ಕೆ ಕರೆದೊಯ್ದವಳು ನಾನೇ. ಕೂಸನ್ನು ಎತ್ತಿಕೊಂಡು ನಾನೂ ಒಳಗೆ ಕೂತಿದ್ದೆ. ಆದ್ದರಿಂದ ಡಾಕ್ಟರು ಏನಂದರು ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ರಕ್ತ ನೋಡಿದರು, ಹೊಟ್ಟೆ ಉರಿಯುತ್ತದೆ ಎಂದದ್ದಕ್ಕೆ ಹೊಟ್ಟೆಯೊಳಗೆ ನಳಿಗೆ ಬಿಟ್ಟು ನೋಡಿದರು. ಆಮೇಲೆ ಆ ಡಾಕ್ಟರಮ್ಮ ತಿಳಿಸಿ ಹೇಳಿದರು.

"ಇದು ಥೈರಾಯ್ಡ್. ರೋಗದ ಕೂಡ ಬಡದಾಡೋ ಶಕ್ತಿ ಮೈಯಾಗ ಇರತೈತಲ್ಲ, ಅದು ತನ್ನ ಗ್ರಂಥಿ ಮ್ಯಾಲೆ ತಾನ ಬಿದ್ದೈತಿ. ಬೇಲಿನ ಎದ್ದು ಹೊಲಾ ಮೇಯ್ದಂಗ."

"ಯಾಕ ಹಂಗಾತ್ರಿ?" ಎಂದ ಸಿದ್ಧಾರೂಢ.

"ಯಾಕಂತ ಪೂರಾ ಯಾರಿಗೂ ಗೊತ್ತಿಲ್ಲ. ಮನೆತನದಾಗ ಇದ್ರ ಬರತೈತಿ, ಹಡದ ಮ್ಯಾಲೆ ಬರತೈತಿ. ಕೆಲವೊಂದು ಕ್ರಿಮಿನೂ ಕಾರಣ ಇರಬಹುದು ಅಂತಾರ. ಕ್ರಿಮಿ ಮತ್ತ ಗ್ರಂಥಿ ಒಂದ ನಮೂನಿ ಕಂಡು, ಕಾಯೋ ಶಕ್ತಿಗೆ ಗುರುತು ತಪ್ಪತೈತಿ ಅನ್ನೋದು ಒಂದು ವಿಚಾರ. ಹೌದನ್ನೋರು ಅದಾರ, ಅಲ್ಲನ್ನೋರೂ ಅದಾರ. ಇವರ ಹೊಟ್ಟ್ಯಾಗ ಅಂಥಾದ್ದೊಂದು ಕ್ರಿಮಿ ಸಿಕ್ಕೈತಿ. ಅದು ಊರಾಗ ಅರ್ಧ ಮಂದಿ ಹೊಟ್ಟ್ಯಾಗ ಇರೋದ ಬಿಡ್ರಿ. ಹೊಟ್ಟಿ ಉರಿ ಅದರದು, ಅದಕ್ಕ ಎರಡು ವಾರದ ಔಷಧ ಕೊಡತೇನಿ. ಥೈರಾಯ್ಡಿನ ಗುಳಿಗಿ ಮಾತ್ರ ಜೀವ ಇರೋಮಟ ಬಿಡಂಗಿಲ್ಲ. ದಿನಾ ಮುಂಜಾನೆ ಖಾಲಿ ಹೊಟ್ಟೀಲೆ ತಗೋಬೇಕು. ಕೂಸಿಗೆ ಹಾಲು ಕುಡಸ್ರಿ, ಏನೂ ಆಗೂದಿಲ್ಲ."

ಇಷ್ಟೂ ಮಾತು ಸಿದ್ಧಾರೂಢನ ಒಂದು ಕಿವಿಯಿಂದ ಹೋಗಿ ಇನ್ನೊಂದರಿಂದ ಹೊರಬಿತ್ತು. ಒಳಗೆ ಉಳಿದದ್ದು ಕ್ರಿಮಿ ಒಂದೇ. ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಗುರುತಿನವನೊಬ್ಬ ಸಿಕ್ಕ. "ಮನ್ಯಾಗಿನವ್ರಿಗೆ ಹೊಟ್ಟ್ಯಾಗ ಕ್ರಿಮಿ ಆಗ್ಯಾವಂತ, ಅದಕ ಗಂಟಲಾ ಬಾತೈತಿ," ಎಂದು ಅವನಿಗೆ ಹೇಳುತ್ತಿದ್ದ. ಧಾರವಾಡದಲ್ಲಿ ‘ಇರಬಹುದು’ ಎಂದಿದ್ದದ್ದು ಸವದತ್ತಿಯಲ್ಲಿ ‘ಹೌದು’ ಆಗಿತ್ತು. ರಾಮದುರ್ಗ ಮುಟ್ಟುವುದರೊಳಗೆ ಅದಕ್ಕೆ ಕಾಲೂ ಬಂತು, ರೆಕ್ಕೆಯೂ ಬಂತು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮನೆತನ ನಮ್ಮದು.

ಅತ್ತೆ ಹೊಸ್ತಿಲಲ್ಲೇ ಕೂಸನ್ನು ಕಸಿದುಕೊಂಡಳು. "ಕ್ರಿಮಿ ಅಂದ ಮ್ಯಾಲೆ ಅದು ಅಂಟತೈತಿ. ಈಕಿ ಹಾಲಾಗೂ ಇರತೈತಿ, ಎಂಜಲಾಗೂ ಇರತೈತಿ."

"ಇಲ್ರಿ ಅತ್ತಿ! ಡಾಕ್ಟರು ಹಾಲು ಕುಡಸ್ರಿ ಅಂದಾರ. ನಾ ಅಲ್ಲೇ ಕುಂತಿದ್ದೆ," ಎಂದು ನಾನು ಚೀರಿದೆ.

"ನೀ ಏನ ಡಾಕ್ಟರಕಿ ಕಲತೀ? ಹಡದಾಕಿ ಅಲ್ಲ, ಹೊತ್ತಾಕಿ ಅಲ್ಲ, ಕೂಸಿನ ಸುದ್ದಿ ನನಗ ಹೇಳಾಕ ಬರತಾಳ!"

ಅಂದಿನಿಂದ ಮೀನಾಗೆ ಬೇರೆ ತಾಟು, ಬೇರೆ ಲೋಟ, ಹಿತ್ತಲ ಕಡೆಯ ಕೋಣೆ. ನಿನ್ನೆಯವರೆಗೆ ಮೈಗಳ್ಳಿ ಎನಿಸಿಕೊಂಡವಳು ಈಗ ಅಂಟುರೋಗದವಳು. ಮೈಗಳ್ಳಿಯಾಗಿದ್ದಾಗ ಕೂಸಾದರೂ ಕೈಯಲ್ಲಿತ್ತು. ವಾರ ಕಳೆಯುವುದರಲ್ಲಿ ಅವಳನ್ನು ಚಚಡಿಗೆ ಕಳಿಸಿದರು. "ಹುಳಾ ಸಾಯೋಮಟ ಅಲ್ಲೇ ಇರಲಿ," ಎಂದಳು ಅತ್ತೆ. ಸಿದ್ಧಾರೂಢ ಚೀಲ ಹೊತ್ತುಕೊಂಡು ಹೆಂಡತಿಯಿಂದ ಮಾರು ದೂರ ನಡೆದ. ಮೀನಾ ತಿರುಗಿ ತಿರುಗಿ ನೋಡುತ್ತಿದ್ದಳು, ನನ್ನ ಕಡೆಗಲ್ಲ, ನನ್ನ ಬಗಲಲ್ಲಿದ್ದ ಐಶೂ ಕಡೆಗೆ.

ಹೌದು, ಕೂಸು ನನ್ನ ಬಗಲಿಗೆ ಬಂದಿತ್ತು. "ಹಿಡಿ, ಸಾಕು. ನಿನಗರ ಕೂಸಿನ ಆಶಾ ಇತ್ತಲ್ಲ," ಎಂದು ಅತ್ತೆ ಸಂತೆಯ ಕಾಯಿಪಲ್ಲೆ ಕೊಟ್ಟಂತೆ ಕೊಟ್ಟುಬಿಟ್ಟಳು. ಸುಳ್ಳು ಯಾಕೆ ಹೇಳಲಿ, ಸಂಕಟದ ಜೊತೆಗೇ ಸಂತೋಷವೂ ಆಯಿತು. ಐಶೂ ಹಲ್ಲು ಬಂದಾಗ ಕಚ್ಚಿದ್ದು ನನ್ನ ಬೆರಳನ್ನು, ಮೊದಲ ಹೆಜ್ಜೆ ಇಟ್ಟದ್ದು ನನ್ನ ಸೀರೆಯ ನೆರಿಗೆ ಹಿಡಿದು, ಮೊದಲು ಅಂದದ್ದು "ದೊಡ್ಡವ್ವ" ಎಂದು. ಅವಳು ಹಾಗೆ ಕರೆದಾಗ ನನ್ನ ಎದೆ ತುಂಬಿ ಬಂತು, ಮರುಗಳಿಗೆ ಚಚಡಿಯಲ್ಲಿ ಕೂತವಳ ನೆನಪಾಗಿ ಬಾಯಿ ಕಹಿಯಾಯಿತು.

ಹೊಟ್ಟೆಯ ಕ್ರಿಮಿ ಎರಡು ವಾರದ ಔಷಧಿಗೆ ಸತ್ತೇ ಹೋಗಿತ್ತು. ಮೀನಾಳ ಅಪ್ಪ ನಿಜಗುಣಪ್ಪ ತಪಾಸಣೆಯ ಕಾಗದ ಹಿಡಿದುಕೊಂಡು ಬಂದರು. ಬಡಪಾಯಿ, ಪಡಸಾಲೆಯ ಅಂಚಿನಲ್ಲಿ ಕೂತು, "ಬೀಗತೆವ್ವಾರ, ಹುಳಾ ಇಲ್ಲಂತ ಬರದುಕೊಟ್ಟಾರ್ರಿ. ಮಗಳು ಆರಾಮದಾಳ. ಕೂಸಿನ ಸಲುವಾಗಿ ಅಳತಾಳ್ರಿ," ಎಂದರು.

"ಗುಳಿಗಿ ಬಿಟ್ಟಾಳೇನು?"

"ಇಲ್ರಿ, ಅದು ಥೈರಾಯ್ಡಿಂದು. ಕಾಯಂ ತಗೋಬೇಕಂತ."

"ಹಂಗಾರ ರೋಗ ಹೋಗಿಲ್ಲ," ಎಂದಳು ಅತ್ತೆ. "ರೋಗ ಹೋದಾಕಿ ಗುಳಿಗಿ ಯಾಕ ನುಂಗತಾಳ? ನಮಗೇನು ತಿಳಿಯೂದಿಲ್ಲೇನು? ಗುಳಿಗಿ ಬಿಟ್ಟ ದಿನಾ ಬರಲಿ, ಬಂದು ಕೂಸಿನ್ನ ಎತ್ಕೊಳ್ಳಲಿ."

ನಿಜಗುಣಪ್ಪ ಅಳಿಯನ ಮುಖ ನೋಡಿದರು. ಅಳಿಯ ಗೋಡೆ ನೋಡಿದ. ಚಹಾ ಕೂಡ ಕುಡಿಯದೆ ಆ ಮನುಷ್ಯ ಎದ್ದು ಹೋದರು.

ಮರುವರ್ಷ ದಸರೆ ಕಳೆದ ಮೇಲೆ ಮೀನಾ ಬಂದಳು. ಅಬ್ಬಾ, ಏನು ಕಳೆ! ಬಾವು ಇಳಿದಿತ್ತು, ದನಿ ತಿಳಿಯಾಗಿತ್ತು, ಕಣ್ಣು ಮೊದಲಿನಂತೆ ಚುರುಕಾಗಿದ್ದವು. ಅತ್ತೆಯ ಕಾಲಿಗೆರಗಿ, "ಗುಳಿಗಿ ಬಿಟ್ಟೇನ್ರಿ ಅತ್ತಿ, ಪೂರಾ ಆರಾಮ ಆಗೇತಿ," ಎಂದಳು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಐಶೂಳನ್ನು ಕೊಡು ಎಂದು ನನಗೆ ಸನ್ನೆ ಮಾಡಿದಳು. ಕೊಟ್ಟೆ. ಕೂಸು ಹೆತ್ತವಳ ತೋಳಿನಲ್ಲಿ ಒದ್ದಾಡಿ ನನ್ನ ಕಡೆಗೆ ಕೈ ಚಾಚಿ ಅತ್ತಿತು. ಮೀನಾಳ ಮುಖ ಆಗ ಏನಾಯಿತು ಎಂಬುದನ್ನು ನೋಡಲಾರದೆ ನಾನು ಅಡಿಗೆಮನೆಗೆ ಹೋದೆ.

ನಿಧಾನಕ್ಕೆ ಕೂಸು ತಾಯಿಗೆ ಒಗ್ಗಿತು. ನಮ್ಮ ಒಂದೇ ತಾಟೂ ಮತ್ತೆ ಸುರುವಾಯಿತು. ಆದರೆ ಸಂಕ್ರಮಣದ ಹೊತ್ತಿಗೆ ಮೀನಾ ಮತ್ತೆ ಕೌದಿ ಹೊದ್ದಳು. ದನಿ ದಪ್ಪವಾಯಿತು. ಎಳ್ಳು ಹುರಿಯಲು ಕೂತವಳು ಹೊಗೆ ಎದ್ದರೂ ಕದಲಲಿಲ್ಲ. ನಾನು ಅವಳ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದೆ.

"ಖರೇ ಹೇಳು. ಗುಳಿಗಿ ಖರೇನ ಬಿಟ್ಟೀ?"

"ಬರೂ ಮುಂದ ಬಸ್ಸಿನ ಕಿಡಕ್ಯಾಗಿಂದ ಒಗದ್ನಿ ಅಕ್ಕಾ."

"ಅಯ್ಯ ನಿನ್ನ! ಡಾಕ್ಟರು ಏನಂದಿದ್ರು? ಸತ್ತು ಹೋಗ್ತಿಯಲ್ಲ ಹುಚ್ಚಿ!"

"ಬಿಡದಿದ್ರ ಐಶೂನ್ನ ಕೊಡತಿದ್ರೇನು?" ಎಂದಳು. ಮಾತು ಕೂಡ ಎಳೆದೆಳೆದು ಬರುತ್ತಿತ್ತು. "ಚಚಡ್ಯಾಗ ದಿನಾ ಗುಳಿಗಿ ನುಂಗಿ ಗಟ್ಟಿಮುಟ್ಟ ಇದ್ನಿ. ಏನ ಮಾಡೂದು ಆ ಗಟ್ಟಿತನ ತಗೊಂಡು? ಎದ್ಯಾಗ ಹಾಲು ಬತ್ತಿ ಹೋದುವು. ನೀ ಯಾರಿಗೂ ಹೇಳಬ್ಯಾಡ ಅಕ್ಕಾ, ನಿನ್ನ ಕಾಲಿಗೆ ಬೀಳತೇನಿ. ಹೇಳಿದ್ರ ಮತ್ತ ಕಸಗೋತಾರ."

ಅತ್ತೆಗೆ ಹೇಳಿದರೆ ತಾಯಿಯಿಂದ ಕೂಸು ಹೋಗುತ್ತದೆ. ಹೇಳದಿದ್ದರೆ ಕೂಸಿಗೆ ತಾಯಿ ಹೋಗುತ್ತಾಳೆ. ನಾಲ್ಕು ದಿನ ಇದನ್ನೇ ತಿರುವಿ ತಿರುವಿ ನೋಡಿದೆ. ಯಾವ ಮನೆಯಲ್ಲಿ ರೋಗಕ್ಕಿಂತ ಗುಳಿಗೆಗೆ ಹೆಚ್ಚು ಹೆದರುತ್ತಾರೋ ಆ ಮನೆಯಲ್ಲಿ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಸುಳ್ಳಿಗೆ ಸುಳ್ಳನ್ನೇ ಕೊಡಬೇಕು. ಹಾಗೆಂದು ನಿಶ್ಚಯಿಸಿ, ಒಂದು ಮುಂಜಾನೆ ಗಂಟಲು ಹಿಡಿದುಕೊಂಡು ಕೂತೆ. ನುಂಗಲು ಆಗುತ್ತಿಲ್ಲ, ಚಳಿ ಎಂದೆ. ಕೌದಿ ಹೊದ್ದೆ. ಹಾಲು ಉಕ್ಕಿಸಿದೆ.

ಗಂಡ ಮಡಿವಾಳೆಪ್ಪ ಅಂಗಡಿಗೆ ಹೊರಟವನು, "ಧಾರವಾಡಕ್ಕ ಹೋಗಿ ತೋರಿಸ್ಕೊಂಡು ಬಾ. ಜೋಡಿಗೆ ಮೀನಾನ್ನ ಕರಕೊಂಡು ಹೋಗು, ಆಕಿಗೆ ದವಾಖಾನಿ ಗೊತ್ತೈತಿ," ಎಂದ. ನಾನು ಕಾಯುತ್ತಿದ್ದದ್ದೇ ಆ ಮಾತಿಗೆ.

ಡಾಕ್ಟರಮ್ಮ ಮೀನಾಳನ್ನು ನೋಡಿ ಸಿಟ್ಟಿನಿಂದ ಮೇಜು ಕುಟ್ಟಿದರು. "ಇನ್ನೊಂದಿಷ್ಟು ದಿನಾ ಹಿಂಗ ಬಿಟ್ಟಿದ್ರ ಹೃದಯಕ್ಕ ತಾಗತಿತ್ತು. ಸಾಯೂ ಹಂತಕ್ಕೂ ಹೋಗತಾರ, ಗೊತ್ತೈತೇನು?" ಎಂದರು. ಬೈಯಿಸಿಕೊಂಡು ಗುಳಿಗೆ ತಂದೆವು. ಊರಿಗೆ ಬರುವವರೆಗೆ ಪಟ್ಟಿಗಳು ನನ್ನ ಸೆರಗಿನ ಗಂಟಿನಲ್ಲಿದ್ದವು. ಮನೆಯಲ್ಲಿ ಎಲ್ಲರೆದುರು ಅವನ್ನು ಬಿಚ್ಚಿ ಇಟ್ಟು, "ನನಗೂ ಅದ ರೋಗ ಆಗೇತಂತ ನೋಡ್ರಿ," ಎಂದೆ. ಕಾಗದ ತೋರಿಸು ಎಂದು ಒಬ್ಬರೂ ಕೇಳಲಿಲ್ಲ. ಹೆಂಗಸರ ರೋಗದ ಕಾಗದ ಯಾರಿಗೆ ಬೇಕು?

ಅತ್ತೆಗೆ ಬಂದ ಸಂತೋಷ ನೋಡಬೇಕಿತ್ತು. "ನಾ ಹೇಳಿರಲಿಲ್ಲೇನು ಅಂಟತೈತಂತ? ಉಣ್ರಿ, ಒಂದ ತಾಟಿನ್ಯಾಗ ಉಣ್ರಿ! ಈಗ ಉಣ್ಣು!"

ಹೀಗೆ ನನ್ನ ತಾಟು ಬೇರೆಯಾಯಿತು. ರೊಟ್ಟಿ ಬಡಿಯುವಂತಿಲ್ಲ, ಕೊಡ ಮುಟ್ಟುವಂತಿಲ್ಲ. ಮಡಿವಾಳೆಪ್ಪ ಒಂದು ಮಾತೂ ಆಡದೆ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದ. ಇಷ್ಟು ವರ್ಷ ಬಾಳ್ವೆ ಮಾಡಿದವನು, ಏನಾಗಿದೆ ನಿನಗೆ ಎಂದು ಒಮ್ಮೆ ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ. ನನ್ನನ್ನು ತವರಿಗೆ ಅಟ್ಟಲು ಅಲ್ಲಿ ಯಾರೂ ಉಳಿದಿರಲಿಲ್ಲ. ಅದಕ್ಕೆ ಬಚ್ಚಲ ಹಂಡೆಯ ಒಲೆ ನನ್ನ ಪಾಲಿಗೆ ಬಂತು. ಕುದಿಯುವ ನೀರಿಗೆ ಹುಳ ಹತ್ತುವುದಿಲ್ಲವಂತೆ, ಅತ್ತೆಯ ವೈದ್ಯಶಾಸ್ತ್ರ.

ನನಗೂ ಬೇಕಾದದ್ದು ಆ ಬಚ್ಚಲೇ. ನಮ್ಮ ಮನೆಯಲ್ಲಿ ಜಳಕ, ಲಿಂಗಪೂಜೆ ಆಗದೆ ಸೊಸೆಯರು ಹನಿ ನೀರೂ ಬಾಯಿಗೆ ಹಾಕುವಂತಿಲ್ಲ. ಪೂಜೆ ಮುಗಿದದ್ದೇ ಹಾಲಿನ ಚಹಾ, ಅದರ ಬೆನ್ನಿಗೆ ನಾಷ್ಟಾ. ಖಾಲಿ ಹೊಟ್ಟೆಯ ಗುಳಿಗೆಗೆ ಅಲ್ಲಿ ಜಾಗವೆಲ್ಲಿ? ಬೆಳಕು ಹರಿಯುವಾಗ ಮೀನಾ ಜಳಕಕ್ಕೆ ಬರುತ್ತಿದ್ದಳು, ನಾನು ಅವಳ ಅಂಗೈಯಲ್ಲಿ ಗುಳಿಗೆ ಇಟ್ಟು ಚರಿಗೆ ನೀರು ಕೊಡುತ್ತಿದ್ದೆ. ಶಿವ ಕೋಪಿಸಿಕೊಳ್ಳುವುದಿದ್ದರೆ ನನ್ನ ಮೇಲೆ ಕೋಪಿಸಿಕೊಳ್ಳಲಿ ಎಂದಿದ್ದೆ.

ಬೇಸಿಗೆ ಮುಗಿಯುವುದರಲ್ಲಿ ಮೀನಾ ಮತ್ತೆ ಮನುಷ್ಯಳಾದಳು. ಅತ್ತೆ ಓಣಿಯವರಿಗೆಲ್ಲ ತೋರಿಸಿ ಹೇಳುತ್ತಿದ್ದಳು: "ನೋಡ್ರಿ, ಗುಳಿಗಿ ಬಿಟ್ಟು ಸಣ್ಣಾಕಿ ಹೆಂಗ ಚಲೋ ಆಗ್ಯಾಳ. ದೊಡ್ಡಾಕಿ ನೋಡ್ರಿ, ದಿನಾ ನುಂಗಿದ್ರೂ ಗುಣಾ ಇಲ್ಲ." ರೋಗವಿಲ್ಲದ ನನ್ನ ಮುಖದಲ್ಲಿ ಅವಳಿಗೆ ಬಾವು ಕಾಣುತ್ತಿತ್ತು. ಒಳಗೊಳಗೇ ನಗುತ್ತಿದ್ದೆ, ನಗುವಷ್ಟು ಶಕ್ತಿ ಇದ್ದ ದಿನಗಳಲ್ಲಿ.

ತಾಟು, ಹಾಸಿಗೆ, ಅಡಿಗೆಮನೆ ಹೋದದ್ದಕ್ಕೆ ನಾನು ಅಳಲಿಲ್ಲ. ಐಶೂಳನ್ನು ಮುಟ್ಟುವಂತಿರಲಿಲ್ಲವಲ್ಲ, ಅದಕ್ಕೆ ಅತ್ತುಬಿಟ್ಟೆ. ಹೀಗಾಗುತ್ತದೆಂದು ಗೊತ್ತಿದ್ದೇ ಮಾಡಿದ್ದೆ. ಗೊತ್ತಿದ್ದರೆ ಉರಿ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರು? ಅವಳು "ದೊಡ್ಡವ್ವಾ" ಎಂದು ಓಡಿ ಬಂದಾಗಲೆಲ್ಲ ಯಾರಾದರೂ ಎತ್ತಿಕೊಂಡು ಹೋಗುತ್ತಿದ್ದರು. ಮಂದಿಯ ಮುಂದೆ ಮೀನಾಳೂ ಎಳೆದುಕೊಳ್ಳುತ್ತಿದ್ದಳು. ಅದು ನಮ್ಮಿಬ್ಬರ ನಾಟಕ, ಇರಲಿ ಎಂದುಕೊಳ್ಳುತ್ತಿದ್ದೆ.

ನಾಗರ ಪಂಚಮಿ ಬಂತು. ಅತ್ತೆ, ಗಂಡಸರು, ಎಲ್ಲರೂ ಹುತ್ತಕ್ಕೆ ಹಾಲೆರೆಯಲು ಹೋಗಿದ್ದರು. ಮೀನಾ ಒಳಗೆ ಉಂಡಿ ಕಟ್ಟುತ್ತಿದ್ದಳು, ನಾನು ಹಿತ್ತಲಲ್ಲಿ ಕಟ್ಟಿಗೆ ಒಟ್ಟುತ್ತಿದ್ದೆ. ಐಶೂ ಶೇಂಗಾ ಉಂಡಿ ಹಿಡಿದು ಬಂದಳು. ಒಂದು ಕಡೆ ಕಚ್ಚಿದ್ದಳು. ಬಂದವಳೇ ಉಳಿದದ್ದನ್ನು ನನ್ನ ತುಟಿಗೆ ಒತ್ತಿ, "ತಿನ್ನು ದೊಡ್ಡವ್ವಾ," ಎಂದಳು. ಎಷ್ಟೋ ತಿಂಗಳ ಮೇಲೆ ಆ ಸಣ್ಣ ಕೈ ನನ್ನ ಮುಖಕ್ಕೆ ತಾಗಿತ್ತು. ಕಣ್ಣು ಮುಚ್ಚಿ ಚೂರು ಕಚ್ಚಿದೆ. ಅವಳು ನಕ್ಕು ಉಂಡಿಯನ್ನು ಮತ್ತೆ ತನ್ನ ಬಾಯಿಗೆ ಒಯ್ದಳು.

ಫಟ್ ಎಂದು ಪೆಟ್ಟು ಬಿತ್ತು. ಉಂಡಿ ಮಣ್ಣಿಗೆ ಬಿತ್ತು. ಮೀನಾ ಕೂಸನ್ನು ಹಿಂದಕ್ಕೆ ಎಳೆದು, ಸೆರಗಿನಿಂದ ಅವಳ ಬಾಯಿಯನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. "ಎಷ್ಟ ಸಲಾ ಹೇಳಬೇಕು? ದೊಡ್ಡವ್ವನ ಎಂಜಲಾ ತಿಂದ್ರ ಹುಳಾ ಬರತೈತಿ ಅಂತ!"

ನಾನು ಸುತ್ತ ನೋಡಿದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ, ಪಕ್ಕದ ಮನೆಯ ಗೋಡೆಯ ಮೇಲೂ ತಲೆ ಇರಲಿಲ್ಲ.

"ಮೀನಾ, ಯಾರೂ ಇಲ್ಲ ಇಲ್ಲಿ," ಎಂದೆ.

ಅವಳು ಒರೆಸುವುದನ್ನು ನಿಲ್ಲಿಸಿದಳು. ಮುಖ ಕೆಂಪಾಯಿತು, ನನ್ನನ್ನು ನೋಡಲಿಲ್ಲ. "ಗೊತ್ತೈತಿ ಅಕ್ಕಾ. ಆದ್ರ ಇದು ಕೂಸು. ಮಂದಿ ಇದ್ದಾಗ ಒಂದು, ಇಲ್ಲದಾಗ ಒಂದು ಅಂದ್ರ ಅದಕ್ಕ ತಿಳೀತೈತೇನು? ನಾಳೆ ಅತ್ತಿ ಮುಂದ ಹಿಂಗ ಮಾಡಿದ್ರ? ರೂಢಿ ಆಗಬೇಕಲ್ಲ."

"ಹುಳಾ ನನ್ನ ಹೊಟ್ಟ್ಯಾಗ ಇಲ್ಲಂತ ನಿನಗ ಗೊತ್ತೈತಿ ಹೌದಲ್ಲ?"

"ಗೊತ್ತೈತಿ," ಎಂದಳು. ಆಮೇಲೆ, "ಆದ್ರ ಡಾಕ್ಟರು ಊರಾಗ ಅರ್ಧ ಮಂದಿಗೆ ಇರತೈತಿ ಅಂದಿದ್ರಲ್ಲ. ನಿಂದು ತಪಾಸಣಿ ಮಾಡಿಸಿಲ್ಲ," ಎಂದು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಕಟ್ಟಿಗೆಯ ಮೇಲೆ ಕೂತುಬಿಟ್ಟೆ. ಎದ್ದು ಹೋಗಿ ಗುಳಿಗೆಯ ಪಟ್ಟಿಗಳನ್ನು ಒಲೆಗೆ ಹಾಕಿ, ಬಂದವರ ಮುಂದೆಲ್ಲ ನಿಜ ಒದರಿಬಿಡಬೇಕೆನಿಸಿತು. ಒದರಿದರೆ ಯಾರು ಸಾಯುತ್ತಾರೆ, ಯಾರು ತಬ್ಬಲಿಯಾಗುತ್ತಾಳೆ ಎಂದು ಲೆಕ್ಕ ಹಾಕುವಷ್ಟು ಬುದ್ಧಿ ಆ ಸಿಟ್ಟಿನಲ್ಲೂ ಉಳಿದಿತ್ತು, ದರಿದ್ರ ಬುದ್ಧಿ.

ಮರುದಿನ ಮುಂಜಾನೆ ಹಂಡೆಯ ಒಲೆ ಹಚ್ಚಿದೆ. ಮೀನಾ ಬಂದಳು. ಅವಳು ಅಂಗೈ ಚಾಚಿದಳು, ನಾನು ಗುಳಿಗೆ ಇಟ್ಟೆ. ಅಷ್ಟರಲ್ಲಿ ಐಶೂ ಎದ್ದು ತಾಯಿಯನ್ನು ಹುಡುಕಿಕೊಂಡು ಬಂದು ಬಚ್ಚಲ ಬಾಗಿಲಲ್ಲಿ ನಿಂತಳು. ನನ್ನನ್ನು ಕಂಡು ಒಂದು ಹೆಜ್ಜೆ ಇಟ್ಟಳು, ಏನೋ ನೆನಪಾಗಿ ತಡೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ದೊಡ್ಡವ್ವಾ, ನಿನಗ ಹುಳಾ ಐತೇನು?"

ಮೀನಾ ಚರಿಗೆ ಎತ್ತಿ ಗಟಗಟ ನೀರು ಕುಡಿಯುತ್ತಿದ್ದಳು. ಗುಳಿಗೆ ಅವಳ ಗಂಟಲಿನಲ್ಲಿ ಇಳಿಯುವುದನ್ನು ನೋಡಿದೆ.

"ಹೂಂ, ಐತವ್ವಾ," ಎಂದೆ. "ದೂರ ನಿಂದ್ರು."